ದುಬಾರಿ ಓಪನ್ ಕಾರುಗಳಿಗೆ ಲೋಹ ಬಿಟ್ಟು ಮತ್ತೆ ಬಟ್ಟೆಯ ಛಾವಣಿ ಯಾಕೆ?

ಮುಖ್ಯವಾಗಿ ಕಾರಿನ ಹಿಂಭಾಗದ ಅಂದಕ್ಕೆ. ಜೊತೆಗೆ ತೂಕವೂ ಇಳಿಯುತ್ತದೆ.

ಲೋಹದ ಛಾವಣಿಯನ್ನು ಬಟ್ಟೆಯಂತೆ ಮುದುರೋಕೆ ಆಗಲ್ಲ. ಛಾವಣಿ ತೆರೆದಾಗ ಅದು ಎರಡು-ಮೂರು ಗಟ್ಟಿ ತುಂಡುಗಳಾಗಿ ಬಿಚ್ಚಿ, ಡಿಕ್ಕಿಯೊಳಗೆ ಒಂದರ ಮೇಲೊಂದು ಕೂರಬೇಕು. ಅಷ್ಟು ಜಾಗ ಕೊಡಬೇಕೆಂದರೆ ಡಿಕ್ಕಿ ಎತ್ತರ ಆಗಲೇಬೇಕು, ಅಗಲವೂ ಆಗಬೇಕು. ಹಾಗಾಗಿ ಲೋಹದ ಛಾವಣಿಯ ಎಷ್ಟೋ ಓಪನ್ ಕಾರುಗಳನ್ನು ಹಿಂದಿನಿಂದ ನೋಡಿದರೆ ದಪ್ಪ ಅನ್ನಿಸುತ್ತವೆ. ನನ್ನ ಕಣ್ಣಿಗಂತೂ ಅವು ಛಾವಣಿ ಮುಚ್ಚಿದಾಗಲೇ ಚೆಂದ. ಓಪನ್ ಕಾರಿಗೆ ಅದೊಂದು ವಿಚಿತ್ರ ಹೊಗಳಿಕೆ, ಅಲ್ವಾ?

1996ರ ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ ಲೋಹದ ಛಾವಣಿ ಫ್ಯಾಷನ್ ಆಯಿತು. ಬಿಎಂಡಬ್ಲ್ಯೂ ಜೆಡ್4 ಕೂಡ 2009ರಲ್ಲಿ ಅದೇ ದಾರಿ ಹಿಡಿದು, 2018ರಲ್ಲಿ ಬಟ್ಟೆಗೆ ಮರಳಿತು. 2021ರಲ್ಲಿ ಮರ್ಸಿಡಿಸ್ ಎಸ್‌ಎಲ್ ಕೂಡ ಮರಳಿತು. ಅದರಲ್ಲಿ ಬರೀ ಛಾವಣಿಯಿಂದಲೇ 21 ಕೆಜಿ ಉಳಿಯಿತು, ಅದೂ ಕಾರಿನ ಮೇಲ್ಭಾಗದಲ್ಲಿ. ಮೇಲೆ ಭಾರ ಕಡಿಮೆಯಾದಷ್ಟೂ ತಿರುವಿನಲ್ಲಿ ಕಾರು ವಾಲೋದು ಕಡಿಮೆ. ಚೋರ್ಲಾ ಘಾಟಿನಂಥ ರಸ್ತೆಯಲ್ಲಿ ಇದು ಗೊತ್ತಾಗುತ್ತದೆ.

ಹಾಗಾದರೆ ಬೆಳಗಾವಿ ಮಳೆಗೆ ಬಟ್ಟೆ ತಡೆಯುತ್ತಾ? ತಡೆಯುತ್ತದೆ. ಇದು ಸುಮ್ನೆ ಒಂದು ಪದರದ ಕ್ಯಾನ್ವಾಸ್ ಅಲ್ಲ. ಹೊರಗೆ ನೀರು ಇಳಿಯದ ಬಟ್ಟೆ, ನಡುವೆ ಸದ್ದು ಮತ್ತು ಬಿಸಿ ತಡೆಯುವ ದಪ್ಪ ಹಾಸು, ಒಳಗೆ ಅಸ್ತರಿ. ವಿಜಯಪುರದ ಕಡೆ ಇಂಥ ಕಾರು ಇಟ್ಟುಕೊಳ್ಳುವವರು ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಲಿ. ವಾಷಿಂಗ್ ಸೆಂಟರ್‌ನ ಜೋರು ನೀರಿನ ಪೈಪನ್ನು ಹತ್ತಿರ ಹಿಡಿಯಲು ಬಿಡಬೇಡಿ, ಹೊಲಿಗೆ ಹಾಳಾಗುತ್ತದೆ.