ಬೋನಿನ ನಾಯಿ ಮೈ ತುಂಬಿಕೊಂಡಿತು, ಚಿರತೆ ಬೀಳಲಿಲ್ಲ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತೆಂಗಿನ ತೋಟದಲ್ಲಿ ಚಿರತೆ ಕರು ಹಿಡಿದ ಮೇಲೆ ಅರಣ್ಯ ಇಲಾಖೆಯವರು ಬೋನು ಇಟ್ಟರು. ಹನ್ನೆರಡು ದಿನವಾಯಿತು. ಒಳಗಿನ ನಾಯಿ ಎರಡು ಹೊತ್ತು ಉಂಡು ಮೈ ತುಂಬಿಕೊಂಡಿದೆ. ಚಿರತೆ ಮಾತ್ರ ಬೋನಿನ ಹಿಂದೆ ಸುತ್ತಾಡಿ ಹೋಗಿದೆ. ತಪ್ಪೆಲ್ಲಿ? ನಾವೇ ಉರುಳು ಹಾಕಬಹುದೇ?"

ಚಿರತೆ ಬೋನಿನ ಹಿಂದೆ ಸುತ್ತಾಡಿದೆ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಭದ್ರಾ ಕಾಡಿನ ಸೀಳುನಾಯಿಗಳ ಹಾಗೆ ಗುಂಪುಗೂಡಿ ಓಡಿಸಿ ದಣಿಸುವುದು ಚಿರತೆಯ ಕ್ರಮವಲ್ಲ. ಅದು ಒಂಟಿ. ಮೂಗಿಗಿಂತ ಕಣ್ಣು, ಕಿವಿಯನ್ನು ಹೆಚ್ಚು ನಂಬುತ್ತದೆ. ಪೊದೆಯ ಮರೆಯಲ್ಲಿ ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ, ತೀರಾ ಹತ್ತಿರ ಬಂದ ಮೇಲೆ ನುಗ್ಗಿ, ಗಂಟಲು ಹಿಡಿದು ಉಸಿರು ಕಟ್ಟಿಸುತ್ತದೆ. ನುಗ್ಗುವ ದಾರಿಯನ್ನು ಅದೇ ಆರಿಸಿಕೊಳ್ಳುತ್ತದೆ. ನಿಮ್ಮ ಬೋನಿನಲ್ಲಿ ನಾಯಿ ಹಿಂಬದಿಯ ಸರಳಿನಿಂದ ಕಂಡಿತು, ಹಿಂದಿನಿಂದಲೇ ಬಂತು, ಕೈಗೆ ಸಿಗಲಿಲ್ಲ, ಹೋಯಿತು. ಹಿಂಬದಿಯನ್ನೂ ಎರಡು ಪಕ್ಕವನ್ನೂ ಮುಳ್ಳುಕಂಟಿ, ಹಸಿ ಸೊಪ್ಪಿನಿಂದ ದಟ್ಟವಾಗಿ ಮುಚ್ಚಿಸಿ. ನಾಯಿ ಬಾಗಿಲ ಕಡೆಯಿಂದ ಮಾತ್ರ ಕಾಣಬೇಕು.

ಜಾಗವೂ ಮುಖ್ಯ. ಗಾಡಿ ನಿಲ್ಲಿಸಲು ಅನುಕೂಲ ಎಂದು ಬಯಲಲ್ಲಿ ಇಳಿಸಿದ ಬೋನು ಬಹಳ ಕಡೆ ಖಾಲಿ ಉಳಿಯುತ್ತದೆ. ಚಿರತೆ ಕಾಲುದಾರಿ, ಹಳ್ಳದ ಅಂಚು, ಬೇಲಿಯ ಸಾಲು ಹಿಡಿದು ನಡೆಯುವುದು ಹೆಚ್ಚು. ಅದರ ಹೆಜ್ಜೆ ಸಿಕ್ಕ ದಾರಿಯ ಪಕ್ಕದಲ್ಲೇ ಇಡಬೇಕು. ತಾನು ಕೊಂದದ್ದನ್ನು ಅರ್ಧ ತಿಂದು ಬಿಟ್ಟರೆ ಮರುರಾತ್ರಿ ಮತ್ತೆ ಬರುವುದುಂಟು. ಆದ್ದರಿಂದ ಕರುವನ್ನು ಹೂಳುವ ಮೊದಲೇ ಇಲಾಖೆಗೆ ತಿಳಿಸಿ, ಆ ಕಳೇಬರದ ಹತ್ತಿರವೇ ಬೋನು ಇಡಿಸಿದ್ದರೆ ಇಷ್ಟು ದಿನ ಕಾಯಬೇಕಿರಲಿಲ್ಲವೇನೋ. ಈಗ ಆ ಮಾತು ಬೇಡ.

ಇನ್ನು ಬೋನಿನ ಒಳಗೆ ನೋಡಿ. ಚಿರತೆ ಕಾಲಿಟ್ಟೊಡನೆ ಬಾಗಿಲು ಬೀಳಿಸುವ ತುಳಿಹಲಗೆಯ ಕೆಳಗೆ ಮಣ್ಣು, ತರಗೆಲೆ ತುಂಬಿದರೆ ಅದು ಅಲುಗುವುದೇ ಇಲ್ಲ. ಮಳೆ ಬಂದ ಮರುದಿನ ಇದೇ ಗೋಳು. ಮೇಲೆ ಮಾತ್ರ ತೆಳ್ಳಗೆ ಮಣ್ಣು ಉದುರಿಸಬೇಕು. ಕಾಲಿಗೆ ಕಬ್ಬಿಣದ ತಣ್ಣನೆಯ ತಗಡು ತಾಗಿದರೆ ಪ್ರಾಣಿ ಹಿಂದೆ ಸರಿಯುತ್ತದೆ. ಹಲಗೆ ಬಾಗಿಲಿಗೆ ತೀರಾ ಹತ್ತಿರ ಇದ್ದರೆ ಬೀಳುವ ಬಾಗಿಲು ಚಿರತೆಯ ಸೊಂಟಕ್ಕೋ ಬಾಲಕ್ಕೋ ಬಡಿದು ಅರ್ಧದಲ್ಲೇ ನಿಲ್ಲುತ್ತದೆ, ಅಗುಳಿ ಕೂರುವುದಿಲ್ಲ. ಹಾಗೆ ಒಮ್ಮೆ ತಪ್ಪಿಸಿಕೊಂಡ ಚಿರತೆ ಮತ್ತೆ ಬೋನಿನ ಹತ್ತಿರ ಸುಳಿಯುವುದು ಕಷ್ಟ. ಬಾಗಿಲು ಜಾರುವ ಕಂಬಿಗೆ ತುಕ್ಕು ಹಿಡಿದಿದೆಯೇ ಎಂದು ದಿನಾ ಸಂಜೆ ಒಮ್ಮೆ ಬೀಳಿಸಿ ನೋಡಲು ಸಿಬ್ಬಂದಿಗೆ ಹೇಳಿ.

ಉರುಳಿನ ಮಾತು ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿ. ಅದನ್ನು ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾನೂನು ಬದಿಗಿರಲಿ, ಮಲೆನಾಡಿನ ಕಾಫಿ ತೋಟಗಳ ಬೇಲಿಯಲ್ಲಿ ಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಹಾಕಿದ ಉರುಳಿಗೆ ಚಿರತೆ ಬಿದ್ದರೆ ಏನಾಗುತ್ತದೆ ನೋಡಿ: ತಂತಿ ಸೊಂಟಕ್ಕೆ ಬಿಗಿಯುತ್ತದೆ, ಎಳೆದಷ್ಟೂ ಒಳಗೆ ಇಳಿಯುತ್ತದೆ. ನೋಡಲು ಜನ ಸೇರಿದಾಗ ಅದು ನುಗ್ಗುತ್ತದೆ, ಆಗ ಗೂಟ ಕಿತ್ತರೆ ಅಥವಾ ತಂತಿ ತುಂಡಾದರೆ ಎದುರಿಗಿದ್ದವರ ಗತಿ ಹೇಳಬೇಕಿಲ್ಲ.

ಚಿರತೆ ಬೋನಿಗೆ ಬಿದ್ದ ಬೆಳಿಗ್ಗೆ ಊರೆಲ್ಲ ಮೊಬೈಲು ಹಿಡಿದು ಬರುತ್ತದೆ, ಗೊತ್ತೇ ಇದೆ. ಗದ್ದಲಕ್ಕೆ ಅದು ಸರಳು ಕಚ್ಚಿ ಕೋರೆಹಲ್ಲು ಮುರಿದುಕೊಳ್ಳುತ್ತದೆ. ಒಂದು ಟಾರ್ಪಾಲು ಸಿದ್ಧವಿರಲಿ. ಸಿಬ್ಬಂದಿ ಅದನ್ನು ಹೊದಿಸಿ ಕತ್ತಲು ಮಾಡಿದರೆ ಚಿರತೆ ಸ್ವಲ್ಪ ಹೊತ್ತಿನಲ್ಲಿ ತಣ್ಣಗಾಗುತ್ತದೆ.

ನಾಯಿಯ ವಿಷಯ ಕೊನೆಗೆ ಉಳಿಸಿಕೊಂಡೆ. ಹನ್ನೆರಡು ದಿನದಲ್ಲಿ ಅದಕ್ಕೆ ಬೋನೇ ಮನೆಯಾಗಿದೆ. ಸಂಜೆ ಉಂಡು ಮಲಗಿದರೆ ಬೊಗಳುವುದಿಲ್ಲ, ಕುಂಯ್ಗುಡುವುದೂ ಇಲ್ಲ. ದೂರದ ಚಿರತೆಗೆ ಕೇಳಿಸುವುದೇನು? ಅದನ್ನು ಬಿಡಿಸಿ, ತಾಯಿಯಿಂದ ಬೇರ್ಪಟ್ಟ ಮೇಕೆಮರಿಯನ್ನು ಹಿಂದಿನ ಖಾನೆಯಲ್ಲಿ ಕಟ್ಟಲು ಕೇಳಿ. ನಡುವಿನ ಜಾಲರಿ ಚಿರತೆಯ ಪಂಜ ತೂರದಷ್ಟು ಕಿರಿದಾಗಿರಲಿ. ಮೇವು, ನೀರು ಹಗಲಲ್ಲಿ ಕೊಡಿ. ಮರಿ ರಾತ್ರಿ ಅರಚಬೇಕು.

– ಸಂಪಾದಕ