ಅಂಗಳದಲ್ಲಿ ಕಾರು ರಿವರ್ಸ್ ತೆಗೆಯುವಾಗ ಮಗು ಯಾರ ಕೈಯಲ್ಲಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಹಳೆಯ ಮನೆ. ಕಾರು ನಿಲ್ಲಿಸುವ ಶೀಟಿನ ಮಾಡು ಚಾವಡಿಗೆ ತಾಗಿಯೇ ಇದ್ದು, ಅಲ್ಲಿಂದ ಅಂಗಳ ದಾಟಿ ಇಳಿಜಾರಿನಲ್ಲಿ ಗೇಟಿನವರೆಗೆ ರಿವರ್ಸಿನಲ್ಲೇ ಹೋಗಬೇಕು. ಎರಡು ವರ್ಷದ ಮಗನಿಗೆ ಅಪ್ಪ ಹೊರಟರೆಂದರೆ ಟಾಟಾ ಮಾಡಲೇಬೇಕು. ಕಳೆದ ವಾರ ನಾನು ಒಳಗೆ ದೋಸೆ ಹೊಯ್ಯುತ್ತಿದ್ದೆ. ಮಗು ಅತ್ತೆಯವರ ಬಳಿ ಇದೆಯೆಂದು ನಾನೂ, ನನ್ನ ಬಳಿ ಇದೆಯೆಂದು ಅವರೂ ತಿಳಿದಿದ್ದೆವು. ಅವನು ಕಾರಿನ ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಇರುವೆಯ ಸಾಲನ್ನು ನೋಡುತ್ತಿದ್ದ. ಕೆಲಸದಾಕೆ ಕಂಡು ಕೂಗಿದ್ದರಿಂದ ಏನೂ ಆಗಲಿಲ್ಲ. ಸೆನ್ಸರ್ ಇದೆ, ಕ್ಯಾಮೆರಾ ಇದೆ, ಇನ್ನೇನು ಹೆದರಿಕೆ ಎಂದು ಯಜಮಾನರು ಹೇಳುತ್ತಾರೆ. ಅಷ್ಟು ಸಾಕೇ?
— ಹೆಸರು ಬೇಡವೆಂದಿರುವ ಓದುಗಿ, ಕಟಪಾಡಿ

ಉತ್ತರ: ಸಾಲದು. ಆದರೆ ಕಾರಿನ ಮಾತಿಗೆ ಮೊದಲು, ಮಗು ಅತ್ತೆಯ ಬಳಿ ಇದೆಯೆಂದು ಸೊಸೆಯೂ ಸೊಸೆಯ ಬಳಿ ಇದೆಯೆಂದು ಅತ್ತೆಯೂ ನೆಮ್ಮದಿಯಾಗಿದ್ದ ಆ ಗಳಿಗೆಯನ್ನು ಗಮನಿಸಿ. ಮನೆ ತುಂಬ ಜನರಿರುವಲ್ಲಿ ಮಗು ಎಲ್ಲರ ಕಣ್ಣು ತಪ್ಪಿಸುವುದು ಹೀಗೆಯೇ, ಮತ್ತು ಇದಕ್ಕೆ ಯಾರನ್ನೂ ಅಜಾಗರೂಕರೆಂದು ದೂರುವಂತಿಲ್ಲ. 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಮನೆಯೆದುರು ಕಾರನ್ನು ರಿವರ್ಸ್ ಮಾಡುತ್ತಿದ್ದ ತಂದೆಯೊಬ್ಬರ ಕಾರಿನಡಿಗೆ ಅವರ ಎರಡು ವರ್ಷದ ಮಗನೇ ಸಿಕ್ಕಿ ತೀರಿಕೊಂಡ. ಆ ತಂದೆ ವೃತ್ತಿಯಿಂದ ಮಕ್ಕಳ ವೈದ್ಯರು. ಆ ಮಗುವಿನ ಹೆಸರಿನಲ್ಲಿಯೇ 2008ರಲ್ಲಿ ಅಲ್ಲಿ ಕಾನೂನು ಬಂದು, 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ.

ನಿಮ್ಮ ಯಜಮಾನರೊಂದಿಗೆ ವಾದಕ್ಕಿಳಿಯುವ ಬದಲು ಒಂದು ಭಾನುವಾರ ಕಾರನ್ನು ಎಂದಿನ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಅವರನ್ನು ಚಾಲಕನ ಸೀಟಿನಲ್ಲಿ ಕೂರಿಸಿ. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್. ಸ್ಟೂಲಿನ ಮೇಲೆ ಕೊಡಪಾನವಿಟ್ಟು ಅಷ್ಟೇ ಎತ್ತರ ಮಾಡಿ, ಹಿಂದಿನ ಬಂಪರಿಗೆ ತಾಗಿಸಿ ಇಡಿ. ಅದನ್ನು ಸ್ವಲ್ಪ ಸ್ವಲ್ಪವೇ ಗೇಟಿನತ್ತ ಸರಿಸುತ್ತ ಹೋಗಿ, ಹಿಂದಿನ ಗಾಜಿನಲ್ಲಿ ಕೊಡದ ಬಾಯಿ ಕಂಡಿತೆಂದು ಅವರು ಹೇಳಿದ ಕಡೆ ಸುಣ್ಣದ ಗೆರೆ ಎಳೆಯಿರಿ. ಬಳಿಕ ಸ್ಟೂಲನ್ನು ತೆಗೆದು ಕೊಡಪಾನವನ್ನು ನೆಲದ ಮೇಲಿಟ್ಟು ಮತ್ತೆ ಹಾಗೆಯೇ ಮಾಡಿ. ಇರುವೆ ನೋಡುತ್ತ ಕುಳಿತ ಮಗು ಅದಕ್ಕಿಂತ ಬಹಳ ಎತ್ತರವೇನೂ ಇರುವುದಿಲ್ಲ. ಎರಡನೆಯ ಗೆರೆ ಎಷ್ಟು ದೂರ ಹೋಗಿದೆಯೆಂಬುದನ್ನು ಅವರೇ ಇಳಿದು ಬಂದು ನೋಡಲಿ. ನಿಮ್ಮಲ್ಲಿ ಅಂಗಳದಿಂದಾಚೆ ನೆಲ ಇಳಿಯುವುದರಿಂದ ಕಾಣದ ಜಾಗ ಇನ್ನಷ್ಟು ಉದ್ದವಾಗುತ್ತದೆ. ಕಾರು ದೊಡ್ಡದಾದಷ್ಟೂ, ಹಿಂದಿನ ಗಾಜು ಎತ್ತರದಲ್ಲಿದ್ದಷ್ಟೂ ಈ ಕುರುಡು ಜಾಗ ಹೆಚ್ಚೆಂಬುದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಸೆನ್ಸರ್ ಎಂಬುದು ಬಂಪರಿನಿಂದ ಶಬ್ದದ ಅಲೆಗಳನ್ನು ಕಳುಹಿಸಿ, ತಾಗಿ ಮರಳಿದ್ದನ್ನು ಅಳೆಯುವ ಸಾಧನ. ಗೋಡೆಯಂತಹ ಅಗಲವಾದ, ಗಟ್ಟಿಯಾದ ವಸ್ತುವನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಬಟ್ಟೆ ತೊಟ್ಟ ಸಣ್ಣ ಮೈ ಅಲೆಯನ್ನು ಅಷ್ಟು ಚೆನ್ನಾಗಿ ಮರಳಿಸುವುದಿಲ್ಲ, ಬಂಪರಿಗಿಂತ ತಗ್ಗಿನಲ್ಲಿರುವುದು ತಪ್ಪಿಹೋಗಲೂಬಹುದು. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ನಮ್ಮ ಕಡೆಯ ಇಕ್ಕಟ್ಟಿನ ಕಾಂಪೌಂಡುಗಳಲ್ಲಿ ಅದು ದಿನವೂ ತುಳಸಿಕಟ್ಟೆಗೆ, ಹೂವಿನ ಕುಂಡಕ್ಕೆ, ಪಾಗಾರಕ್ಕೆ ಕೂಗುತ್ತಲೇ ಇರುತ್ತದೆ. ಕೆಲವು ವಾರಗಳಲ್ಲಿ ಚಾಲಕನ ಕಿವಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಕ್ಯಾಮೆರಾ ಇದಕ್ಕಿಂತ ಮೇಲೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮಳೆಗಾಲದಲ್ಲಿ ಅದರ ಕಣ್ಣಿನ ಮೇಲೆ ಕೆಸರು ಹಾರಿರುತ್ತದೆ, ಪಕ್ಕದಿಂದ ಓಡಿಬರುವ ಮಗು ಪರದೆಯೊಳಗೆ ಬರುವುದೂ ಕೊನೆಯ ಗಳಿಗೆಯಲ್ಲಿ. ಗಂಟೆಗೆ 5 ಕಿಲೋಮೀಟರ್, ಅಂದರೆ ನಾವು ನಡೆಯುವಷ್ಟೇ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 1.4 ಮೀಟರ್ ಸರಿಯುತ್ತದೆ. ಮಗು ಕಂಡು, ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅನಾಹುತಕ್ಕೆ ಅಷ್ಟೇ ಸಾಕು.

ಆದ್ದರಿಂದ ಮನೆಯಲ್ಲಿ ಒಂದೇ ಒಂದು ನಿಯಮ ಮಾಡಿಕೊಳ್ಳಿ: ಮಗುವನ್ನು ಎತ್ತಿಕೊಂಡವರು ಚಾವಡಿಯ ಮೆಟ್ಟಿಲ ಮೇಲೆ ಚಾಲಕನಿಗೆ ಕಾಣುವಂತೆ ನಿಂತು, "ಮಗು ನನ್ನ ಹತ್ತಿರ ಇದೆ" ಎಂದು ಬಾಯಿಬಿಟ್ಟು ಹೇಳುವ ತನಕ ಕಾರು ಸ್ಟಾರ್ಟ್ ಆಗಬಾರದು. ಕೈ ಹಿಡಿದು ನಿಂತರೆ ಸಾಲದು, ಎತ್ತಿಕೊಳ್ಳಬೇಕು. ಕೈ ಬಿಡಿಸಿಕೊಳ್ಳುವುದು ಎರಡು ವರ್ಷದ ಮಕ್ಕಳಿಗೆ ಚೆನ್ನಾಗಿ ಗೊತ್ತು. ಟಾಟಾ ಅಲ್ಲಿಂದಲೇ ಆಗಲಿ. ಚಾಲಕರು ಹತ್ತುವ ಮೊದಲು ಕಾರಿಗೆ ಒಂದು ಸುತ್ತು ಬಂದು, ಬಗ್ಗಿ ಅಡಿಯನ್ನೂ ನೋಡಿ, ಸುತ್ತು ಮುಗಿದ ಕೂಡಲೇ ಹೊರಡಬೇಕು. ನಡುವೆ ಫೋನಿಗೆ ಉತ್ತರಿಸುತ್ತ ಕುಳಿತರೆ ಮತ್ತೆ ಇಳಿದು ನೋಡಬೇಕು. ಕಿಟಕಿಯ ಗಾಜು ಇಳಿದಿರಲಿ, ಹಾಡು ನಿಂತಿರಲಿ.

ಸಂಜೆ ಬಂದಾಗಲೇ ರಿವರ್ಸಿನಲ್ಲಿ ಒಳಗೆ ತಂದು ನಿಲ್ಲಿಸಿದರೆ ಬೆಳಿಗ್ಗೆ ನೇರವಾಗಿ ಹೊರಡಬಹುದೆಂದು ಹಲವರು ಹೇಳುತ್ತಾರೆ. ನಾವೂ ಒಪ್ಪುತ್ತೇವೆ, ಆದರೆ "ಅಪ್ಪ ಬಂದ್ರು" ಎಂದು ಮಗು ಓಡಿಬರುವ ಹೊತ್ತೂ ಅದೇ. ಗೇಟಿನ ಹೊರಗೇ ನಿಂತು ಫೋನ್ ಮಾಡಿ, ಮಗುವನ್ನು ಎತ್ತಿಕೊಂಡಿದ್ದಾರೆಂದು ತಿಳಿದ ಮೇಲೆ ಒಳಗೆ ಬರಲಿ. ಹಾರ್ನ್ ಬೇಡ, ಅದು ಮಗುವನ್ನು ಕರೆದಂತೆಯೇ ಆಗುತ್ತದೆ.

ಕೊನೆಯದಾಗಿ, ನಮ್ಮೂರಿನ ಬಹುತೇಕ ಮನೆಗಳಲ್ಲಿರುವ "ಒಂದು ರೌಂಡ್" ಎಂಬ ಅಭ್ಯಾಸ. ಅಳುವ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಗೇಟಿನವರೆಗೆ ಹೋಗಿ ಇಳಿಸಿಬಿಡುವುದು ಪ್ರೀತಿಯಿಂದಲೇ. ಆದರೆ ಕಾರಿನ ಸದ್ದು ಕೇಳಿದರೆ ಅದರತ್ತ ಓಡಬೇಕೆಂದು ಮಗುವಿಗೆ ನಾವೇ ಕಲಿಸಿದಂತಾಗುತ್ತದೆ. ತಾನು ಕಾರನ್ನು ನೋಡುತ್ತಿರುವಾಗ ಕಾರಿನಲ್ಲಿರುವ ಅಪ್ಪನಿಗೂ ತಾನು ಕಾಣುತ್ತೇನೆಂದೇ ಆ ವಯಸ್ಸಿನ ಮಗು ನಂಬಿರುತ್ತದೆ. ರೌಂಡನ್ನು ಇಂದೇ ನಿಲ್ಲಿಸಿ. ನಾಲ್ಕು ದಿನ ಅಳುತ್ತಾನೆ, ಆಮೇಲೆ ಮರೆಯುತ್ತಾನೆ.

ಪ್ರಶ್ನೆ: ನಾವು ಒಂದೇ ಕಾಂಪೌಂಡಿನ ಮೂರು ಬಾಡಿಗೆ ಮನೆಗಳಲ್ಲಿ ಒಂದರಲ್ಲಿದ್ದೇವೆ. ಮಳೆಗಾಲದಲ್ಲಿ ಮಕ್ಕಳೆಲ್ಲ ಕಾರು ನಿಲ್ಲಿಸುವ ಮಾಡಿನಡಿಯಲ್ಲೇ ಆಡುತ್ತಾರೆ. ಗ್ಯಾಸಿನ ಗಾಡಿ, ಆಟೋ, ಶಾಲಾ ವ್ಯಾನ್ ಎಲ್ಲವೂ ಒಳಗೆ ಬಂದು ತಿರುಗಿಸಿಕೊಂಡು ಹೋಗುತ್ತವೆ. ಏನಾದರೂ ಆದರೆ ಹೊಣೆ ಯಾರದು?
— ಓದುಗರು, ಬಿಜೈ, ಮಂಗಳೂರು

ಉತ್ತರ: ಕಾನೂನಿನ ಮಾತು ಮೊದಲು. ಖಾಸಗಿ ಅಂಗಳವೆಂಬ ಕಾರಣಕ್ಕೆ ಚಾಲಕನ ಹೊಣೆ ತಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತಿವೇಗದ, ಅಜಾಗರೂಕ ಚಾಲನೆಯ 281ನೆಯ ಕಲಂ ಸಾರ್ವಜನಿಕ ರಸ್ತೆಯ ಮಾತನ್ನು ಆಡುತ್ತದೆ. ಆದರೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗ ಅನ್ವಯಿಸುವ 106ನೆಯ ಕಲಮಿಗೆ ರಸ್ತೆ, ಅಂಗಳವೆಂಬ ಭೇದವಿಲ್ಲ.

ಆದರೆ ನಿಮಗೆ ಬೇಕಾದುದು ಹೊಣೆಗಿಂತ ವ್ಯವಸ್ಥೆ. ಮೂರು ಮನೆಯವರೂ ಮಾಲೀಕರನ್ನು ಕರೆಸಿ ಒಂದು ಸಂಜೆ ಕುಳಿತುಕೊಳ್ಳಿ. ಹೊರಗಿನ ವಾಹನಗಳು ಗೇಟಿನಲ್ಲೇ ನಿಲ್ಲಬೇಕೆಂಬುದನ್ನು ಮೊದಲು ತೀರ್ಮಾನಿಸಿ. ಸಿಲಿಂಡರನ್ನು ಹತ್ತು ಹೆಜ್ಜೆ ಹೊತ್ತು ತರಲು ಹುಡುಗರು ಗೊಣಗಬಹುದು, ಗೊಣಗಲಿ. ಶಾಲಾ ವ್ಯಾನಿನ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಅಣ್ಣನನ್ನೋ ಅಕ್ಕನನ್ನೋ ಕಳುಹಿಸಲು ಬಂದ ತಾಯಿಯ ಬೆನ್ನ ಹಿಂದೆಯೇ ಕೆಳಗಿನ ಮಗು ಹೊರಬಂದಿರುತ್ತದೆ, ಬಂದದ್ದು ಅವರಿಗೆ ಗೊತ್ತಿರುವುದಿಲ್ಲ. ಹೊರಬಾಗಿಲಿನ ಗ್ರಿಲ್ಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ಮಾಡಿನಡಿಯಲ್ಲಿ ಆಟ ತಪ್ಪುವುದಿಲ್ಲವಾದರೆ ಒಂದು ಮಾಡನ್ನು ಮಕ್ಕಳಿಗೇ ಬಿಟ್ಟು, ಆ ಮನೆಯ ಕಾರು ಮಳೆಯಲ್ಲಿ ನೆನೆಯಲಿ. ಸೈಕಲ್, ಚೆಂಡು, ಬಕೆಟ್ ಯಾವುದೂ ಕಾರಿನ ಹಿಂದೆ ಉಳಿಯಬಾರದು. ಅಡಿಗೆ ಹೋದ ಚೆಂಡನ್ನು ತೆಗೆಯಲು ಮಗುವೂ ಅಡಿಗೇ ಹೋಗುತ್ತದೆ. ಮದುವೆ, ಕೋಲ, ಗೃಹಪ್ರವೇಶದ ದಿನಗಳಲ್ಲಂತೂ ವಾಹನಗಳನ್ನೆಲ್ಲ ಗೇಟಿನ ಹೊರಗೇ ಬಿಡಿಸಿ.

ಪ್ರಶ್ನೆ: ನನಗೆ ಎಪ್ಪತ್ತು ದಾಟಿತು. ಹಳೆಯ ಸಣ್ಣ ಕಾರು, ಸೆನ್ಸರ್ ಇಲ್ಲ. ಕುತ್ತಿಗೆ ಹಿಂದಕ್ಕೆ ತಿರುಗುವುದಿಲ್ಲ. ಮೊಮ್ಮಗ, ಹತ್ತು ವರ್ಷದವನು, ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಹೇಳುತ್ತಾನೆ. ಇದು ಸರಿಯೇ?
— ಒಬ್ಬ ಅಜ್ಜ, ಬ್ರಹ್ಮಾವರ

ಉತ್ತರ: ಸರಿಯಲ್ಲ ಅಜ್ಜ. ಹುಡುಗ ನಿಂತಿರುವುದು ನಿಮಗೆ ಕಾಣದ ಜಾಗದಲ್ಲಿಯೇ, ಮತ್ತು ಅವನ ಕಣ್ಣು ಕಾರಿನ ಮೇಲಿರುತ್ತದೆಯೇ ಹೊರತು ಅಂಗಳಕ್ಕೆ ಬರುವ ಸಣ್ಣ ಮಕ್ಕಳ ಮೇಲಲ್ಲ. ದಾರಿ ತೋರಿಸುವವರು ದೊಡ್ಡವರಾಗಿರಬೇಕು. ಕಾರಿನ ನೇರ ಹಿಂದೆ ನಿಲ್ಲದೆ ನಿಮ್ಮ ಬಲಬದಿಯ ಕನ್ನಡಿಯಲ್ಲಿ ಪೂರ್ತಿಯಾಗಿ ಕಾಣುವಂತೆ ದೂರದಲ್ಲಿ ನಿಲ್ಲಬೇಕು. ಅವರು ಕನ್ನಡಿಯಿಂದ ಮರೆಯಾದ ಕ್ಷಣವೇ ಬ್ರೇಕ್ ಹಾಕಿ, ಅವರು ಮತ್ತೆ ಕಾಣುವ ತನಕ ಕಾಲು ತೆಗೆಯಬೇಡಿ. ಎಡಬದಿಯ ಕನ್ನಡಿ ಉಬ್ಬುಗಾಜಿನದಾಗಿದ್ದರೆ ಅದರಲ್ಲಿ ಕಾಣುವುದು ನಿಜಕ್ಕಿಂತ ದೂರವಿದ್ದಂತೆ ತೋರುತ್ತದೆ, ಅದನ್ನು ನಂಬಿ ಅಂದಾಜು ಹಾಕಬೇಡಿ. ಹಳೆಯ ಕಾರಿಗೂ ಕ್ಯಾಮೆರಾ ಹಾಕಿಸಲು ಬರುತ್ತದೆ, ಹಾಕಿಸಿಕೊಳ್ಳಿ. ಕುತ್ತಿಗೆ ಅಷ್ಟೂ ತಿರುಗದಿದ್ದರೆ ಮಕ್ಕಳಿರುವ ಅಂಗಳದಿಂದ ಕಾರು ತೆಗೆದುಕೊಡುವ ಕೆಲಸವನ್ನು ಮಗನಿಗೋ ಸೊಸೆಗೋ ಒಪ್ಪಿಸಿ, ರಸ್ತೆಯಲ್ಲಿ ನೀವೇ ಓಡಿಸಬಹುದೇ ಎಂಬುದನ್ನೂ ನಿಮ್ಮ ವೈದ್ಯರಲ್ಲಿ ಕೇಳಿ.

ಪ್ರಶ್ನೆ: ನಮ್ಮ ಮನೆ ಏರಿನಲ್ಲಿದೆ. ನಿಲ್ಲಿಸಿದ ಕಾರಿನೊಳಗೆ ಮಕ್ಕಳು ಆಡುತ್ತಾರೆ. ಹ್ಯಾಂಡ್‌ಬ್ರೇಕ್ ಸಾಕಲ್ಲವೇ?
— ಓದುಗಿ, ಮಣಿಪಾಲ

ಉತ್ತರ: ಹ್ಯಾಂಡ್‌ಬ್ರೇಕನ್ನು ಇಳಿಸಲು ನಾಲ್ಕು ವರ್ಷದ ಮಗುವಿಗೂ ಸಾಧ್ಯವಾಗಬಹುದು. ಗೇರ್ ಕಾರಾದರೆ, ಮೂತಿ ಏರಿನತ್ತ ಇದ್ದಾಗ ಒಂದನೆಯ ಗೇರಿನಲ್ಲಿ, ಇಳಿಜಾರಿನತ್ತ ಇದ್ದಾಗ ರಿವರ್ಸ್ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕಾರನ್ನು ಲಾಕ್ ಮಾಡಿ, ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಕಾರಿನೊಳಗಿನ ಆಟವನ್ನು ಪೂರ್ತಿ ನಿಲ್ಲಿಸಿ; ಬಿಸಿಲಿಗೆ ಮುಚ್ಚಿದ ಕಾರಿನೊಳಗೆ ಸಿಕ್ಕಿಬೀಳುವ ಅಪಾಯವೂ ಅದರಲ್ಲಿದೆ.

ಪ್ರಶ್ನೆ: ರಿವರ್ಸಿನಲ್ಲಿದ್ದ ಪಿಕಪ್ ತಾಗಿ ನಮ್ಮ ಅಣ್ಣನ ಮಗು ಬಿದ್ದಿತು. ಎದ್ದು ಆಡತೊಡಗಿದ್ದರಿಂದ ಆಸ್ಪತ್ರೆಗೆ ಒಯ್ಯಲಿಲ್ಲ. ಹೀಗೆ ಮಾಡಬಹುದೇ?
— ಓದುಗರು, ಕಾಪು

ಉತ್ತರ: ಮಾಡಬಾರದು. ಮಕ್ಕಳ ಪಕ್ಕೆಲುಬು ಮೆದು. ಹೊರಗೆ ತರಚಿದ ಗಾಯವೂ ಇಲ್ಲದೆ ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಪೆಟ್ಟಾಗಿ ರಕ್ತ ಸೋರುತ್ತಿರಬಹುದು, ಅದು ತಿಳಿಯುವುದು ತಡವಾಗಿ. ಚಕ್ರ ಮೈಮೇಲೆ ಹಾಯ್ದಿರಬಹುದೆಂಬ ಅನುಮಾನವಿದ್ದರೆ ಎತ್ತಿ ಕುಲುಕಾಡಿಸದೆ 108ಕ್ಕೆ ಕರೆ ಮಾಡಿ. ಬರೀ ತಾಗಿ ಬಿದ್ದದ್ದಾದರೂ ಅದೇ ದಿನ ಆಸ್ಪತ್ರೆಗೆ ಒಯ್ದು, ಗಾಡಿ ತಾಗಿದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ವಾಂತಿ, ಮಂಪರು, ಹೊಟ್ಟೆನೋವು, ಮೂತ್ರದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯಬೇಡಿ. ನಿಮ್ಮ ಅಣ್ಣನವರ ಮಗುವನ್ನು ಇನ್ನೂ ತೋರಿಸಿಲ್ಲವಾದರೆ ಇಂದೇ ತೋರಿಸಿ.