25 ಕಾಲರ್, 5 ವರ್ಷ: ಇಳಿಕೆ ಗೊತ್ತಾಗುತ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಜಗಳೂರಿನ ರಂಗಯ್ಯನದುರ್ಗದ ನಾಲ್ಕು ಕೊಂಬಿನ ಕೊಂಡುಕುರಿಯಂಥ 25 ಕಾಡುಪ್ರಾಣಿಗೆ ರೇಡಿಯೋ ಕಾಲರ್ (ಸಿಗ್ನಲ್ ಕಳಿಸುವ ಕುತ್ತಿಗೆ ಪಟ್ಟಿ) ಹಾಕಿ, 5 ವರ್ಷ ಬೆನ್ನು ಹತ್ತಿದರೆ, ವರ್ಷಕ್ಕೆ ಬದುಕುಳಿಯುವ ಪ್ರಮಾಣ ನೂರಕ್ಕೆ 80ರಿಂದ 72ಕ್ಕೆ ಇಳಿದದ್ದು ಗೊತ್ತಾಗುತ್ತದಾ? ಕಂಪ್ಯೂಟರ್‌ನಲ್ಲಿ ಅದನ್ನು ಸಿಮ್ಯುಲೇಟ್ ಮಾಡೋದು ಹೇಗೆ?

ಬಹುತೇಕ ಗೊತ್ತಾಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. (80 ಅನ್ನೋದು ನೀವು ಕೊಟ್ಟ ಸಂಖ್ಯೆ, ಕೊಂಡುಕುರಿಯ ನಿಜವಾದ ಲೆಕ್ಕ ಅಂತ ಯಾರೂ ತಿಳಿಯಬೇಡಿ.)

ನಾನು ಚಿತ್ರದುರ್ಗದಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವನು. ಈ ಪಾಠಕ್ಕೆ ಕಂಪ್ಯೂಟರ್ ಮುಟ್ಟುವ ಮೊದಲು ಮೇಜಿನ ಮೇಲೆ 25 ಮೆಕ್ಕೆಜೋಳದ ಕಾಳು ಇಡುತ್ತೇನೆ. ಒಂದು ಲೋಟದಲ್ಲಿ 1ರಿಂದ 10ರವರೆಗಿನ ಚೀಟಿ. ಒಂದೊಂದು ಕಾಳಿಗೂ ಒಂದು ಚೀಟಿ ಎತ್ತಿ, ನೋಡಿ, ವಾಪಸ್ ಹಾಕಬೇಕು. 8ರವರೆಗೆ ಬಂದರೆ ಬದುಕಿತು, 9 ಅಥವಾ 10 ಬಂದರೆ ಕಾಳು ಹೊರಗೆ. ಹೋದ ಸಲ ಮುಂದಿನ ಬೆಂಚಿನವರು ಮಾಡಿದಾಗ 3 ಕಾಳು ಹೋದವು. ಹಿಂದಿನ ಬೆಂಚಿನವರು ಮಾಡಿದಾಗ 8. ಅಂದರೆ ಒಂದು ಕಡೆ 88, ಇನ್ನೊಂದು ಕಡೆ 68. ಲೋಟ ಅದೇ, ಚೀಟಿ ಅವೇ. ಏನೂ ಇಳಿದಿಲ್ಲ, ಏನೂ ಏರಿಲ್ಲ.

25 ಪ್ರಾಣಿ, 80 ಪ್ರಮಾಣ ಅಂದರೆ ಸ್ಟ್ಯಾಂಡರ್ಡ್ ಎರರ್ (ಬರೀ ಅದೃಷ್ಟದಿಂದಲೇ ಆಗುವ ಏರಿಳಿತದ ಅಳತೆ) ಸುಮಾರು 8 ಪಾಯಿಂಟ್. ನೀವು ಹುಡುಕುತ್ತಿರುವ ಇಳಿಕೆ ವರ್ಷಕ್ಕೆ 2 ಪಾಯಿಂಟ್. ಸಂತೆ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳೋಕೆ ಹೊರಟ ಹಾಗೆ.

ಇದೇ ಆಟವನ್ನು ಕಂಪ್ಯೂಟರ್‌ಗೆ ಹೇಳಿಕೊಟ್ಟರೆ ಅದೇ ಸಿಮ್ಯುಲೇಷನ್. ಎಕ್ಸೆಲ್‌ನಲ್ಲಿ ರ‍್ಯಾಂಡ್ ಅನ್ನುವ ಫಂಕ್ಷನ್ ಸಾಕು, ಆರ್ (R) ಅನ್ನುವ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಬರುತ್ತಿದ್ದರೆ ಆರ್‌ಬೈನಾಮ್ ಅಂತ ಒಂದೇ ಸಾಲು. 80, 78, 76, 74, 72 ಅಂತ ನಿಜವನ್ನು ನೀವೇ ಒಳಗೆ ಇಡಿ. ಸತ್ತ ಪ್ರಾಣಿಯ ಜಾಗಕ್ಕೆ ಪ್ರತಿ ವರ್ಷ ಹೊಸದನ್ನು ಸೇರಿಸಿ 25 ಮಾಡಿಕೊಳ್ಳಿ. 5 ವರ್ಷದ ಡೇಟಾ ಹುಟ್ಟಿಸಿ, ಅದಕ್ಕೆ ಟ್ರೆಂಡ್ (ವರ್ಷದಿಂದ ವರ್ಷಕ್ಕೆ ಏರಿಳಿಕೆಯ ಗೆರೆ) ಹಾಕಿ, ಬರೀ ಅದೃಷ್ಟವಲ್ಲ ಅನ್ನುವಷ್ಟು ಸ್ಪಷ್ಟವಾಗಿ (ನೂರಕ್ಕೆ 5ರ ಮಟ್ಟದಲ್ಲಿ) ಇಳಿಕೆ ಸಿಕ್ಕಿತಾ ಇಲ್ಲವಾ ಅಂತ ಬರೆದುಕೊಳ್ಳಿ. ಇದನ್ನು ಸಾವಿರ ಸಲ ಮಾಡಿ. ನೂರಕ್ಕೆ ಹನ್ನೊಂದೋ ಹನ್ನೆರಡೋ ಸಲ ಮಾತ್ರ ಸಿಗುತ್ತದೆ. ಇಳಿಕೆಯನ್ನು ನಾವೇ ಕೈಯಾರೆ ಒಳಗೆ ಇಟ್ಟಿದ್ದರೂ!

ಕಾಲರ್ ಜಾಸ್ತಿ ಮಾಡಿದರೆ? ವರ್ಷಕ್ಕೆ 100 ಪ್ರಾಣಿ ಅಂದರೂ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಸಲ. ಅದೇ 25 ಪ್ರಾಣಿಯನ್ನೇ ಇಟ್ಟುಕೊಂಡು, ಅದೇ ವೇಗದ ಇಳಿಕೆಯನ್ನು 10 ವರ್ಷ ನೋಡಿದರೆ ಎರಡರಲ್ಲಿ ಒಂದು ಸಲ ಸಿಗುತ್ತದೆ. ದುಡ್ಡು ಕೊಡುವವರಿಗೆ ಈ ಮಾತು ರುಚಿಸುವುದಿಲ್ಲ, ಆದರೆ ಟ್ರೆಂಡ್ ಬೇಕು ಅಂದರೆ ಕಾಲರ್‌ಗಿಂತ ವರ್ಷಗಳೇ ಮುಖ್ಯ.

ಇದು ಕೂಡ ಒಳ್ಳೆಯ ಕಾಲದ ಲೆಕ್ಕ. ನಮ್ಮ ಕಡೆ ಒಂದು ವರ್ಷ ಮಳೆ ಕೈಕೊಟ್ಟರೆ ಎಲ್ಲ ಪ್ರಾಣಿಗೂ ಒಟ್ಟಿಗೇ ಏಟು ಬೀಳುತ್ತದೆ. ಬರ ನಿಮ್ಮ ಐದನೇ ವರ್ಷಕ್ಕೇ ಬಂದರೆ ಗ್ರಾಫ್ ಚೆಂದ ಇಳಿಯುತ್ತದೆ, ಆದರೆ ಅದು ಟ್ರೆಂಡ್ ಅಲ್ಲ. ಹಾಗಾಗಿ ಪ್ರತಿ ವರ್ಷದ ಪ್ರಮಾಣಕ್ಕೂ ಸ್ವಲ್ಪ ಏರಿಳಿತ ಸೇರಿಸಲೇಬೇಕು. ಅದನ್ನು ಲಾಜಿಟ್ ಅಳತೆಯಲ್ಲಿ (ಬದುಕುವ ಸಾಧ್ಯತೆಗೂ ಸಾಯುವ ಸಾಧ್ಯತೆಗೂ ಇರುವ ಅನುಪಾತದ ಲಾಗರಿದಮ್) ಸೇರಿಸಿ, ಇಲ್ಲವಾದರೆ ಪ್ರಮಾಣ ನೂರು ದಾಟಿ ಕೂರುವುದೂ ಉಂಟು. ಇದನ್ನು ಬಿಟ್ಟವರ ಸಿಮ್ಯುಲೇಷನ್ ಅನ್ನು ನಾನಂತೂ ನಂಬುವುದಿಲ್ಲ.

ಇನ್ನು ಕಣ್ಮರೆಯಾದ ಪ್ರಾಣಿಗಳ ವಿಷಯ. ಇಲ್ಲಿ ನಾನೇ ಮೋಸ ಹೋಗಿದ್ದೇನೆ. ಓದುವಾಗ ಹುರುಪಿಗೆ ಬಿದ್ದು, ನಮ್ಮ ಮನೆಯ ಕುರಿ ಲೆಕ್ಕದ ಪುಸ್ತಕ ತಂದು ಬದುಕುಳಿಯುವ ಪ್ರಮಾಣ ತೆಗೆದೆ. ವರ್ಷಕ್ಕೆ ಅರ್ಧಕ್ಕರ್ಧ ಸಾವು ಅಂತ ಬಂತು. ಗಾಬರಿಯಾಗಿ ಅಪ್ಪನಿಗೆ ತೋರಿಸಿದೆ. ಅವರು ನಕ್ಕು, "ಅವು ಸತ್ತಿಲ್ಲಲೇ, ಸಂತ್ಯಾಗ ಮಾರಿದ್ದು" ಅಂದರು. ಪುಸ್ತಕದಿಂದ ಹೋದದ್ದೆಲ್ಲ ಸತ್ತಿತು ಅಂತ ನಾನು ಎಣಿಸಿದ್ದೆ.

ಕಾಲರ್‌ನದೂ ಅದೇ ಕಥೆ. ಬ್ಯಾಟರಿ ಮುಗಿದರೂ ಸಿಗ್ನಲ್ ನಿಲ್ಲುತ್ತದೆ. ಅಂಥದ್ದನ್ನು "ಇಲ್ಲಿವರೆಗೆ ಬದುಕಿತ್ತು, ಆಮೇಲೆ ಗೊತ್ತಿಲ್ಲ" ಅಂತಲೇ ಬರೆಯಬೇಕು. 1958ರ ಕಾಪ್ಲಾನ್–ಮೈಯರ್ ವಿಧಾನ ಇದನ್ನು ಸರಿಯಾಗಿ ನಿಭಾಯಿಸುತ್ತದೆ. ಪ್ರಾಣಿಗಳು ಬೇರೆ ಬೇರೆ ಸಮಯಕ್ಕೆ ಸೇರಿಕೊಂಡರೂ ಲೆಕ್ಕ ಕೆಡದಂತೆ ಪೊಲಾಕ್ ಮತ್ತು ಜೊತೆಗಾರರು 1989ರಲ್ಲಿ ಅದನ್ನು ಕಾಲರ್ ಅಧ್ಯಯನಕ್ಕೆ ಒಗ್ಗಿಸಿದರು. ಕಾಲರ್ ಇಲ್ಲದೆ ಬರೀ ಕಿವಿ ಟ್ಯಾಗ್ ಆದರೆ ಕಷ್ಟ ಇನ್ನೂ ಜಾಸ್ತಿ. ಕೊಂಡುಕುರಿ ಗುಂಪು ಕಟ್ಟುವ ಪ್ರಾಣಿಯಲ್ಲ, ಹೆಚ್ಚಾಗಿ ಒಂಟಿ, ಹುಲ್ಲಲ್ಲಿ ಅಡಗಿದರೆ ಮುಗಿಯಿತು. ಈ ವರ್ಷ ಕಾಣಲಿಲ್ಲ ಅಂದರೆ ಸತ್ತಿತು ಅಂತ ಹೇಳೋಕಾಗಲ್ಲ, ಅಲ್ವಾ? ಆಗ 1964–65ರ ಕಾರ್ಮ್ಯಾಕ್–ಜಾಲಿ–ಸೀಬರ್ ಮಾದರಿ ಬಳಸಿ. ಬದುಕುವ ಸಾಧ್ಯತೆ ಬೇರೆ, ಕಣ್ಣಿಗೆ ಬೀಳುವ ಸಾಧ್ಯತೆ ಬೇರೆ ಅಂತ ಅದು ಬಿಡಿಸಿ ಅಂದಾಜು ಮಾಡುತ್ತದೆ. ಆದರೆ ಊರು ಬಿಟ್ಟು ಹೋದ ಪ್ರಾಣಿಯೂ ಸತ್ತ ಪ್ರಾಣಿಯೂ ಅದಕ್ಕೆ ಒಂದೇ.

ನಿಮ್ಮ ಸಿಮ್ಯುಲೇಷನ್‌ನಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಕಾಲರ್ ಸುಮ್ನೆ ನಿಂತುಹೋಗುವಂತೆ ಮಾಡಿ. ಒಂದು ಸಲ ಅವನ್ನು ಸತ್ತವು ಅಂತ ಎಣಿಸಿ, ಇನ್ನೊಂದು ಸಲ ಸರಿಯಾಗಿ ಎಣಿಸಿ, ಎರಡೂ ಗ್ರಾಫ್ ಅಕ್ಕಪಕ್ಕ ಇಡಿ. ಹಾಂ, ರ‍್ಯಾಂಡಮ್ ಸೀಡ್ ನಂಬರ್ (ಕಂಪ್ಯೂಟರ್ ಚೀಟಿ ಎತ್ತೋಕೆ ಶುರು ಮಾಡುವ ಸಂಖ್ಯೆ, ಅದನ್ನೇ ಕೊಟ್ಟರೆ ಅವೇ ಚೀಟಿ ಮತ್ತೆ ಬರುತ್ತವೆ) ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಾನು ಬರೆದಿಡದೆ, ಗೈಡ್ "ಮೊನ್ನೆ ತೋರಿಸಿದ ಗ್ರಾಫೇ ಬೇಕು" ಅಂದಾಗ ಒಂದು ಇಡೀ ರಾತ್ರಿ ಕೂತರೂ ಅದು ಮತ್ತೆ ಬರಲಿಲ್ಲ.